ನೋವಲ್ಲ, ಉರಿ

ಭದ್ರಾವತಿಯಲ್ಲಿ ಬಾಟಲಿ ತೂಗುಹಾಕುವವರೆಗೆ ಯಾವ ಕಾಯಿಲೆಗೂ ಮರ್ಯಾದೆ ಇಲ್ಲ. ಜ್ವರವೋ, ಸುಸ್ತೋ, ಸೊಸೆಯ ಮೇಲಿನ ಸಿಟ್ಟೋ, ಏನೇ ಇರಲಿ, ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಹಾಕಿಸಿಕೊಂಡು, ಮುಂಗೈ ಮೇಲೆ ಹತ್ತಿ ಅಂಟಿಸಿಕೊಂಡು ಬಂದರೆ ಮನೆಮಂದಿ ಎರಡು ದಿನ ಮೆತ್ತಗೆ ಮಾತಾಡುತ್ತಾರೆ. ಹಾಗಾಗಿ ನನ್ನ ನರದ ಉರಿಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಡ್ರಿಪ್ ಮೂಲಕ ಔಷಧಿ ಕೊಡುತ್ತಾರಂತೆ ಎಂದು ಹೇಳಿದಾಗ ಪಕ್ಕದ ಮನೆಯಾಕೆ ನಕ್ಕುಬಿಟ್ಟರು.

"ಅದಕ್ಕೆ ಶಿವಮೊಗ್ಗಕ್ಕೆ ಯಾಕೆ ಹೋಗ್ತೀರಾ ಟೀಚರಮ್ಮಾ? ಇಲ್ಲೇ ಸರ್ಕಲ್ ಹತ್ರ ಡಾಕ್ಟ್ರು ಗ್ಲೂಕೋಸ್ ಹಾಕ್ತಾರಲ್ಲ. ಮೊನ್ನೆ ನಾನು ಹಾಕ್ಸ್ಕೊಂಡೆ. ಈಗ ಹೆಂಗಿದ್ದೀನಿ ನೋಡಿ."

ನೋಡಿದೆ. ಮೊದಲು ಹೇಗಿದ್ದರೋ ಹಾಗೆಯೇ ಇದ್ದರು. ಇದು ಗ್ಲೂಕೋಸ್ ಅಲ್ಲ, ಹಲ್ಲು ಕೀಳುವಾಗ ದವಡೆ ಮರಗಟ್ಟಿಸಲು ಚುಚ್ಚುತ್ತಾರಲ್ಲ, ಆ ಔಷಧಿ, ಅದನ್ನೇ ತೆಳುವಾಗಿ, ನಿಧಾನವಾಗಿ ರಕ್ತಕ್ಕೆ ಬಿಡುತ್ತಾರೆ ಎಂದು ವಿವರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಬಾಟಲಿಯೊಳಗಿನದೆಲ್ಲ ಒಂದೇ ನೀರು ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ವೃತ್ತಿಜೀವನವನ್ನೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಕಳೆದವಳು ನಾನು. ನಿವೃತ್ತಿಯಾದ ಮೇಲೂ ಚಟ ಹೋಗಿಲ್ಲ. ಯಾರಾದರೂ ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಅಂಥವಳಿಗೆ ಬಂದ ಕಾಯಿಲೆಯ ಹೆಸರೇ ಶುದ್ಧ ಸುಳ್ಳು. ಸರ್ಪಸುತ್ತು. ಅದರಲ್ಲಿ ಸರ್ಪವೂ ಇಲ್ಲ, ಪೂರ್ತಿ ಸುತ್ತೂ ಇಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರದ ಬುಡದಲ್ಲಿ ಅಡಗಿ ಕುಳಿತಿದ್ದು, ಮೈ ಸೋತಾಗ ಆ ನರ ಹಿಡಿದು ಹೊರಗೆ ಬರುತ್ತದೆ. ನನಗೆ ಅದು ಬಂದದ್ದು ಎರಡು ವರ್ಷದ ಹಿಂದೆ, ಬಲಗಡೆ. ಬೆನ್ನುಮೂಳೆಯ ಹತ್ತಿರ ಹೊರಟು, ಪಕ್ಕೆಯನ್ನು ಬಳಸಿ, ಎದೆಯ ಕೆಳಗೆ ಬಂದು ನಿಂತ ಗುಳ್ಳೆಗಳ ಒಂದು ಪಟ್ಟಿ.

ಸುದ್ದಿ ತಿಳಿದ ದಿನವೇ ಹೊಳಲೂರಿನಿಂದ ನನ್ನ ಗಂಡನ ಅಕ್ಕ ಬಂದಿಳಿದರು. ಅವರ ಕೈಚೀಲದಲ್ಲಿ ಕೆಮ್ಮಣ್ಣಿನ ಉಂಡೆ ಇತ್ತು. "ರವಿಕೆ ಬಿಚ್ಚಿ ಬೆನ್ನು ತೋರ್ಸು ಮಾರಾಯ್ತಿ. ಹಾವಿನ ತಲೇನೂ ಬಾಲಾನೂ ಕೂಡಿದ್ರೆ ಮುಗೀತು" ಎಂದರು. ತಲೆ ಯಾವ ಕಡೆ ಇದೆ ಅತ್ತಿಗೆ ಎಂದು ಕೇಳಿದೆ. ಅವರು ಗುಳ್ಳೆಗಳನ್ನು ಬಹಳ ಹೊತ್ತು ಪರೀಕ್ಷಿಸಿ, ಹೊಟ್ಟೆಯ ಕಡೆ ಇರುವುದು ತಲೆ ಎಂದರು. ಎರಡು ತುದಿಗೂ ಕೆಮ್ಮಣ್ಣು ಮೆತ್ತಿ, ವಿಭೂತಿ ಹಚ್ಚಿ, ಹಾವಿಗೆ ದಾರಿ ಕಟ್ಟಿದೆ ಎಂಬ ತೃಪ್ತಿಯಲ್ಲಿ ಊಟಕ್ಕೆ ಕುಳಿತರು. ಅತ್ತಿಗೆಯ ಜೊತೆ ವಾದ ಮಾಡುವುದಕ್ಕಿಂತ ಮಣ್ಣು ಮೆತ್ತಿಸಿಕೊಳ್ಳುವುದು ಸುಲಭ. ಹೀಗೆ ಮೊದಲ ಮೂರು ದಿನ ಕೆಮ್ಮಣ್ಣಿಗೆ ಹೋಯಿತು. ವೈರಾಣುವನ್ನು ತಡೆಯುವ ಮಾತ್ರೆ ಶುರು ಮಾಡಬೇಕಿದ್ದದ್ದು ಆ ಮೂರು ದಿನದಲ್ಲೇ ಎಂದು ಆಮೇಲೆ ಡಾಕ್ಟರು ಹೇಳಿದರು.

ಗುಳ್ಳೆ ಒಣಗಿತು, ಹೊಪ್ಪಳೆ ಉದುರಿತು, ಕಲೆಯೂ ಮಾಸಿತು. ಉರಿ ಮಾತ್ರ ಉಳಿಯಿತು. ಅದರ ಜೊತೆಗೆ ಆಗಾಗ ಒಂದು ಚಳುಕು, ಹೊಲಿಗೆ ಯಂತ್ರದ ಸೂಜಿ ಪಟಪಟನೆ ಕುಟ್ಟಿ ಹೋದ ಹಾಗೆ. ಚಳುಕನ್ನಾದರೂ ಬೇಕಿದ್ದರೆ ನೋವು ಎನ್ನಬಹುದು. ಉರಿ ನೋವಲ್ಲ. ಬಾಣಲೆಯ ಎಣ್ಣೆ ಸಿಡಿದಾಗ ಆಗುವುದು ಉರಿ, ಬಾಗಿಲ ಸಂದಿಗೆ ಬೆರಳು ಸಿಕ್ಕಾಗ ಆಗುವುದು ನೋವು. ಇಷ್ಟು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತಿರುತ್ತದೆ.

ಆ ಉರಿಗೆ ಬಟ್ಟೆ ತಾಗಬಾರದು. ಗಟ್ಟಿಯಾಗಿ ಒತ್ತಿದರೆ ಅಷ್ಟಿಲ್ಲ, ಸುಮ್ಮನೆ ಸವರಿ ಹೋದರೆ ಜೀವ ಹೋಗುತ್ತದೆ. ರವಿಕೆ ಹಾಕಿಕೊಳ್ಳುವ ಮಾತೇ ಇಲ್ಲ. ಕೊರಳಿನ ಶಿವದಾರವೂ ಅಲ್ಲಿಗೆ ತಾಗುತ್ತಿತ್ತು, ಲಿಂಗವನ್ನು ಎಡತೋಳಿಗೆ ಕಟ್ಟಿಕೊಂಡೆ. ಅದಕ್ಕೂ ಅತ್ತಿಗೆ ಮುಖ ಊದಿಸಿಕೊಂಡರು. ಮನೆಯಲ್ಲಿ ನನ್ನ ಗಂಡನ ಹಳೆಯ ಅಂಗಿಗಳೇ ನನಗೆ ಉಡುಪಾದವು. ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಮನುಷ್ಯ ಅವರು. ಒಗೆದೊಗೆದು ಮೆತ್ತಗಾದ ಅವರ ಅಂಗಿಗಳಲ್ಲಿ ಗ್ರೀಸಿನ ಕಲೆಯಿಲ್ಲದ್ದು ಒಂದೂ ಇಲ್ಲ.

ಹೋದದ್ದು ಬಟ್ಟೆಯ ಸುಖವಷ್ಟೇ ಆಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಮದುವೆಯಾದಾಗಿನಿಂದ ನಾವಿಬ್ಬರೂ ಸಂಜೆಯಾದರೆ ಸ್ಕೂಟರಿನಲ್ಲಿ ಹೊಳೆ ದಾಟಿ ಒಂದು ಸುತ್ತು ಹೋಗಿ, ಮಂಡಕ್ಕಿ ತಿಂದು ಬರುತ್ತಿದ್ದೆವು. ನಾನು ಸೀರೆ ಉಟ್ಟು ಎಲ್ಲ ಹೆಂಗಸರ ಹಾಗೆ ಎಡಕ್ಕೆ ಕಾಲು ಇಳಿಬಿಟ್ಟು ಕೂರುವವಳು. ಹಾಗೆ ಕುಳಿತರೆ ಬಲಪಕ್ಕೆ ಗಂಡನ ಬೆನ್ನಿಗೆ ಒರಗುತ್ತದೆ. ನಮ್ಮ ಮನೆಯಲ್ಲಿ ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಇದ್ದದ್ದು ಆ ಒರಗುವಿಕೆ ಒಂದೇ, ಅದೇ ಪಕ್ಕೆಗೆ ಬೆಂಕಿ ಬಿತ್ತು. ಎರಡು ವರ್ಷ ಅವರು ಒಬ್ಬರೇ ಹೋಗಿ ಮಂಡಕ್ಕಿ ಕಟ್ಟಿಸಿಕೊಂಡು ಬಂದರು, ಮನೆ ತಲುಪುವಷ್ಟರಲ್ಲಿ ಅದು ಮೆತ್ತಗಾಗಿರುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ: ರವಿಕೆ ಹಾಕಿ, ಸೀರೆ ಉಟ್ಟು, ಆ ಸ್ಕೂಟರಿನ ಹಿಂದೆ ಮತ್ತೆ ಕೂರುವುದು. ಇದನ್ನು ಯಾರಿಗೂ ಹೇಳಲಿಲ್ಲ, ಕೇಳಿದವರು ನಗುತ್ತಾರೆಂದು ಗೊತ್ತಿತ್ತು.

ನರದ ಮಾತ್ರೆಗಳು ಉರಿಯ ಬದಲು ನನ್ನನ್ನೇ ಮಲಗಿಸಿದವು. ತಲೆ ತಿರುಗಿ ಗೋಡೆ ಹಿಡಿದು ನಡೆಯುವಂತಾದಾಗ ಭದ್ರಾವತಿಯ ಡಾಕ್ಟರು ಶಿವಮೊಗ್ಗದ ನೋವಿನ ವಿಭಾಗಕ್ಕೆ ಬರೆದುಕೊಟ್ಟರು. ಬಸ್ಸಿನಲ್ಲಿ ಹೋದೆವು. ಬಲಗಡೆಯ ಸಾಲಿನ ಕಿಟಕಿ ಸೀಟೇ ನನಗೆ ಬೇಕು, ಬಲಪಕ್ಕೆಗೆ ಯಾರೂ ತಾಗಬಾರದಲ್ಲ. ಅಲ್ಲಿ ಕುಳಿತಿದ್ದವರನ್ನು ಎಬ್ಬಿಸುವಾಗ ಗಂಡಸಿನ ಅಂಗಿ ತೊಟ್ಟ ಈ ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಿದ್ದರು. ನೋಡಲಿ ಎಂದು ನಾನೂ ದುರುಗುಟ್ಟಿಕೊಂಡು ನೋಡಿದೆ.

ನೋವಿನ ವಿಭಾಗದ ಗೋಡೆಯ ಮೇಲೆ ಒಂದು ಪಟ. ಯಾವುದೋ ದೇಶದ ಹೆಂಗಸು ಗೋಧಿ ಹೊಲದಲ್ಲಿ ಎರಡೂ ಕೈ ಚಾಚಿ ನಗುತ್ತಿದ್ದಾಳೆ. ಅವಳಿಗೆ ಏನಾಗಿತ್ತೋ, ಏನು ವಾಸಿಯಾಯಿತೋ, ಆ ಹೊಲ ಯಾರದೋ, ಯಾವುದಕ್ಕೂ ವಿವರಣೆ ಇಲ್ಲ. ಅದರ ಪಕ್ಕದಲ್ಲಿ ಸಾಲಾಗಿ ದುಂಡು ಮುಖಗಳು, ಮೊದಲನೆಯದು ನಗುವ ಮುಖ, ಕೊನೆಯದು ಅಳುವ ಮುಖ. ನಿಮ್ಮ ಮುಖ ಯಾವುದೆಂದು ತೋರಿಸಬೇಕಂತೆ. ಅಷ್ಟು ಮುಖಗಳಲ್ಲಿ ಸಿಟ್ಟಿನ ಮುಖ ಒಂದೂ ಇರಲಿಲ್ಲ. ನನ್ನದು ಅದು.

"ಒಂದರಿಂದ ಹತ್ತರಲ್ಲಿ ಎಷ್ಟು ಮೇಡಂ?" ಎಂದರು ಹಿರಿಯ ಡಾಕ್ಟರು.

"ಹತ್ತು ಅಂದ್ರೆ ಏನು?"

"ನೀವು ಊಹೆ ಮಾಡಬಹುದಾದ ಅತಿ ದೊಡ್ಡ ನೋವು."

"ನನ್ನ ಊಹೆ ಬಹಳ ದೊಡ್ಡದು ಡಾಕ್ಟ್ರೇ."

"ಎಂಟು ಅಂತ ಬರ್ಕೊಳ್ಳಿ ಸಾರ್" ಎಂದು ನನ್ನ ಗಂಡ ಹಿಂದಿನಿಂದ ಹೇಳಿದರು. ಡಾಕ್ಟರು ನಕ್ಕು ಬರೆದುಕೊಂಡರು. ನನ್ನ ಮೈಯ ಲೆಕ್ಕವನ್ನು ಇಬ್ಬರು ಗಂಡಸರು ಹೀಗೆ ಸಲೀಸಾಗಿ ತೀರ್ಮಾನಿಸಿದರು.

ಆದರೂ ಆ ಡಾಕ್ಟರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವರು ಆಸೆ ಮಾರಲಿಲ್ಲ. "ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ಹಿಡಿದ್ರೂ ಶಾಶ್ವತ ಅಲ್ಲ. ಒಂದು ದಿನ ಇರ್ಬಹುದು, ಕೆಲವು ವಾರ ಇರ್ಬಹುದು. ಎರಡು ಮೂರು ಸಲ ಕೊಟ್ಟು ನೋಡ್ತೀವಿ. ಇದು ನರಾನ ರಿಪೇರಿ ಮಾಡಲ್ಲ, ಅದರ ಗಲಾಟೆ ಸ್ವಲ್ಪ ಕಮ್ಮಿ ಮಾಡುತ್ತೆ, ಅಷ್ಟೇ" ಎಂದರು. ಗೋಧಿ ಹೊಲದ ಹೆಂಗಸನ್ನು ನೇತುಹಾಕಿದ ಕೋಣೆಯಲ್ಲಿ ಕುಳಿತು ಇಷ್ಟು ನಿಜ ಹೇಳುವ ಮನುಷ್ಯನನ್ನು ಪೂರ್ತಿ ಬೈಯಲು ನನಗೂ ಬಾಯಿ ಬರಲಿಲ್ಲ.

ಡ್ರಿಪ್ಪಿನ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ವಾಪಸು ಒಬ್ಬರೇ ಬರುವಂತಿಲ್ಲ, ಜೊತೆಗೆ ಯಾರಾದರೂ ಇರಲೇಬೇಕು. ಮೊದಲು ಹೃದಯದ ಇಸಿಜಿ, ಏಕೆಂದರೆ ಈ ಔಷಧಿ ಹೃದಯದ ತಾಳದ ತಂಟೆಗೂ ಹೋಗಬಲ್ಲದು. ಆಮೇಲೆ ತೂಕ, ಔಷಧಿಯ ಅಳತೆ ಅದರ ಮೇಲೆ. ಒಂದು ತೋಳಿಗೆ ಬಿ.ಪಿ. ಪಟ್ಟಿ, ಬೆರಳಿಗೆ ಕ್ಲಿಪ್ಪು, ಇನ್ನೊಂದು ಕೈಯ ರಕ್ತನಾಳಕ್ಕೆ ಸೂಜಿ. ಬಾಟಲಿ ತೂಗುಹಾಕಿ ಬಿಟ್ಟುಹೋಗುವ ಗ್ಲೂಕೋಸಿನ ಹಾಗಲ್ಲ, ಒಂದು ಚಿಕ್ಕ ಪಂಪು ಅದನ್ನು ಅಳೆದಳೆದು ಒಳಗೆ ತಳ್ಳುತ್ತದೆ. ಪಕ್ಕದ ಮನೆಯಾಕೆ ಇದನ್ನು ಬಂದು ನೋಡಬೇಕಿತ್ತು. ನೋಡಿದ್ದರೂ ದೊಡ್ಡ ಊರಿನ ಗ್ಲೂಕೋಸು ಎನ್ನುತ್ತಿದ್ದರು.

ಪಕ್ಕದಲ್ಲಿ ಕುಳಿತು ನೋಡಿಕೊಳ್ಳುವ ಕೆಲಸ ಒಬ್ಬ ಎಳೆಯ ಡಾಕ್ಟರದು. ಗಡ್ಡ ಬಿಟ್ಟಿದ್ದರೂ ವಯಸ್ಸು ಮುಚ್ಚಿರಲಿಲ್ಲ. "ಮಾತಾಡ್ತಾ ಇರಿ ಮೇಡಂ. ನಾಲಿಗೆ ತೊದಲಿದ್ರೆ ನಮಗೆ ಗೊತ್ತಾಗ್ಬೇಕು. ಔಷಧಿ ಜಾಸ್ತಿ ಆಯ್ತು ಅಂತ ಅದರಿಂದ್ಲೇ ತಿಳಿಯೋದು" ಎಂದರು. ಏನು ಮಾತಾಡಲಿ ಎಂದು ಕೇಳಿದೆ. ಏನಾದರೂ ಆಗಬಹುದು ಎಂದರು. ಏನಾದರೂ ಮಾತಾಡುವುದು ನನ್ನಿಂದಾಗದ ಕೆಲಸ. ಸಂಧಿಪ್ರಕರಣ ಶುರು ಮಾಡಿದೆ.

ಲೋಪಸಂಧಿ ಮುಗಿಯುವ ಹೊತ್ತಿಗೆ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ರುಚಿ ಬಂತು. ಆಗಮಸಂಧಿಯಲ್ಲಿ ತುಟಿಯ ಸುತ್ತ ಜೋಮು ಹಿಡಿಯಿತು, ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಆಮೇಲೆ ನಾಲಿಗೆ ದಪ್ಪಗಾಗಿ, ಕೋಣೆ ಸ್ವಲ್ಪ ದೂರ ಸರಿದಂತೆ, ಏನೂ ಚಿಂತೆಯಿಲ್ಲದ ಒಂದು ಮಂಪರು. ಇವೆಲ್ಲ ಆಗುತ್ತವೆಂದು ಮೊದಲೇ ಹೇಳಿದ್ದರು. ಹೇಳಿರದಿದ್ದರೆ ಹೆದರಿ ಸೂಜಿ ಕಿತ್ತು ಎದ್ದು ಬರುತ್ತಿದ್ದೆ. ಆದೇಶಸಂಧಿಗೆ ಉದಾಹರಣೆ ಕೊಡುತ್ತಿದ್ದಾಗ ಎಳೆಯ ಡಾಕ್ಟರು ಗಾಬರಿಯಿಂದ ಬಗ್ಗಿ ಕೇಳಿದರು. "ಮೇಡಂ, ಈಗ ನೀವು ತೊದಲಿದ್ರಾ, ಇಲ್ಲಾ ಅದನ್ನ ಹೇಳೋದೇ ಹಂಗಾ?"

"ಹೇಳೋದೇ ಹಂಗೆ. ನೀವು ಕನ್ನಡ ಓದಿಲ್ವಾ?"

"ಥರ್ಡ್ ಲ್ಯಾಂಗ್ವೇಜ್ ಇತ್ತು ಮೇಡಂ."

ಮೂರನೆಯ ಭಾಷೆಯವನ ಕೈಗೆ ನನ್ನ ನಾಲಿಗೆಯ ಕಾವಲು ಕೊಟ್ಟಿದ್ದಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಪಂಪು ನಿಂತ ಮೇಲೂ ಒಂದಷ್ಟು ಹೊತ್ತು ಮಲಗಿಸಿ, ಎದ್ದು ನಡೆಸಿ ನೋಡಿ ಮನೆಗೆ ಕಳಿಸಿದರು.

ಆ ದಿನ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಸ್ನಾನದ ಮನೆಯಲ್ಲಿ ಟವೆಲು ಪಕ್ಕೆಗೆ ಸವರಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಲಿಲ್ಲ ಎಂದು ಗೊತ್ತಾದಾಗ ಅಲ್ಲೇ ಕುಳಿತು ಅತ್ತೆ. ಪಕ್ಕದ ಮನೆಯಾಕೆಗೆ ಹೇಳಿದ್ದು ತಪ್ಪಾಯಿತು. "ನಾನು ಹೇಳ್ಲಿಲ್ವಾ, ಗ್ಲೂಕೋಸ್ ಹಾಕ್ಸ್ಕೊಂಡ್ರೆ ಸರಿಹೋಗುತ್ತೆ ಅಂತ" ಎಂದರು. ಹೊಳಲೂರಿನಿಂದ ಅತ್ತಿಗೆ ಫೋನು ಮಾಡಿ, ಕೆಮ್ಮಣ್ಣು ನಿಧಾನಕ್ಕೆ ಕೆಲಸ ಮಾಡುವುದು ಎಂದರು. ಒಂದು ಪಕ್ಕೆಗೆ ಇಷ್ಟು ಜನ ವಾರಸುದಾರರು. ಅವರ ಜಗಳ ತೀರುವ ಮೊದಲೇ, ವಾರ ಕಳೆಯುವಷ್ಟರಲ್ಲಿ, ಉರಿಯೂ ಚಳುಕೂ ಜೊತೆಜೊತೆಯಾಗಿ ವಾಪಸು ಬಂದವು. ರವಿಕೆಯನ್ನು ಪೆಟ್ಟಿಗೆಯಿಂದ ತೆಗೆದಿಟ್ಟಿದ್ದೆ. ಮತ್ತೆ ಒಳಗಿಟ್ಟೆ.

ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಚಳುಕು ನಿಂತಿತು. ಪೂರ್ತಿ ನಿಂತಿತು, ವಾರಗಟ್ಟಲೆ ಬರಲಿಲ್ಲ. ಉರಿ ಮಾತ್ರ ಒಂದು ಮೆಟ್ಟಿಲು ಇಳಿದು ಅಲ್ಲೇ ಕುಳಿತಿತು. ಮೂರನೆಯದಕ್ಕೆ ಮೊದಲು ಪರೀಕ್ಷೆಗೆ ಕರೆದರು. ಎಳೆಯ ಡಾಕ್ಟರು ಪೆನ್ನು ಹಿಡಿದು ಕುಳಿತಿದ್ದರು.

"ನೋವಿದೆಯಾ ಮೇಡಂ?"

"ನೋವಿಲ್ಲ."

"ಸ್ವಲ್ಪಾನೂ ಇಲ್ವಾ? ಹತ್ತರಲ್ಲಿ ಎಷ್ಟು?"

"ನೋವಾದ್ರೆ ಸೊನ್ನೆ. ಆದ್ರೆ..."

ಆ 'ಆದ್ರೆ' ಅವರ ಕಿವಿಗೆ ಬೀಳಲೇ ಇಲ್ಲ. ಹುಡುಗ ಸೊನ್ನೆ ಬರೆದುಕೊಂಡು ಎದ್ದೇ ಹೋದ. ಹಿರಿಯ ಡಾಕ್ಟರು ಕೈ ಉಜ್ಜಿಕೊಳ್ಳುತ್ತ ಬಂದರು. ಎಂಟು ಇದ್ದದ್ದು ಸೊನ್ನೆಯಾಗುವುದು ಅಪರೂಪ, ಇನ್ನು ಮೂರನೆಯದು ಬೇಡ, ವಾಪಸು ಬಂದರೆ ನೋಡೋಣ ಎಂದು, ಬಾಯಿ ತೆಗೆಯಲು ಬಿಡದೆ ಹರಸಿ ಕಳಿಸಿದರು. ನಾನು ಸುಮ್ಮನೆ ಹೊರಗೆ ಬಂದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದೆ, ಪ್ರಶ್ನೆಯನ್ನೇ ತಪ್ಪು ಕೇಳಿದರೆ ಅದು ಅವರ ಹಣೆಬರಹ ಎಂಬ ಸೊಕ್ಕು ನನಗೆ.

ವರಾಂಡದಲ್ಲಿ ನನ್ನ ಗಂಡ ಮುಂದೆ ಮುಂದೆ ನಡೆಯುತ್ತಿದ್ದವರು ನಿಂತು ಹೇಳಿದರು. "ಇವತ್ತೇ ಸ್ಕೂಟರ್‌ಗೆ ಗಾಳಿ ಹಾಕ್ಸಿ ಇಡ್ತೀನಿ. ಹಿಂದಿನ ಸೀಟಿನ ಕವರ್ ಹರಿದಿದೆ, ಅದನ್ನೂ ಹೊಲಿಸ್ಬೇಕು."

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆಸೆ ಈ ಮನುಷ್ಯನ ತಲೆಯಲ್ಲೂ ಎರಡು ವರ್ಷದಿಂದ ಇತ್ತು. ನನ್ನ ಸೊಕ್ಕೆಲ್ಲ ಜರ್ರನೆ ಇಳಿಯಿತು.

"ರೀ, ನೋವು ಸೊನ್ನೆ ಅಂದೆ. ಉರಿ ಇದೆ."

"ಎರಡೂ ಒಂದೇ ಅಲ್ವೇನೇ?"

"ಹೆಂಗೆ ಒಂದೇ ಆಗುತ್ತೆ? ಎಣ್ಣೆ ಸಿಡಿದ್ರೆ ಕೈ ನೋಯುತ್ತೆ ಅಂತೀವಾ, ಉರಿಯುತ್ತೆ ಅಂತೀವಾ?"

ಅವರು ನನ್ನನ್ನೇ ನೋಡಿದರು. "ಈ ಪಾಠಾನ ಒಳಗೆ ಮಾಡೋದು ಬಿಟ್ಟು ನನಗ್ಯಾಕೆ ಮಾಡ್ತೀಯ ಮಾರಾಯ್ತಿ? ನಡಿ ವಾಪಸ್ಸು."

ನಮ್ಮ ಸರದಿ ಮುಗಿದಿತ್ತು, ಬಾಗಿಲಲ್ಲಿದ್ದವರು ತಡೆದರು. ನನ್ನ ಗಂಡ ಅವರ ಜೊತೆ ಮಾತಾಡುತ್ತಿದ್ದಾಗಲೇ ನಾನು ನುಗ್ಗಿದೆ. ಇಬ್ಬರು ಡಾಕ್ಟರನ್ನೂ ಕೂರಿಸಿ, ಕನ್ನಡದಲ್ಲಿ ಮೈಗೆ ಆಗುವುದಕ್ಕೆಲ್ಲ ನೋವು ಎನ್ನುವುದಿಲ್ಲ, ಉರಿ ಬೇರೆ, ಚಳುಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ನಿಮ್ಮ ಹತ್ತು ಅಂಕ ಯಾವುದಕ್ಕೆ ಎಂದು ಮೊದಲು ಹೇಳಿ ಎಂದೆ. ಎಳೆಯ ಡಾಕ್ಟರು ತಾವು ಬರೆದ ಸೊನ್ನೆಯನ್ನೇ ನೋಡುತ್ತಿದ್ದರು. ಹಿರಿಯರಿಗೆ ನಗು ತಡೆಯಲಾಗಲಿಲ್ಲ.

"ನಮ್ಮೂರು ಕುಂಸಿ ಮೇಡಂ. ಅಲ್ಲಿಂದ ಬರೋ ಅಜ್ಜಿಯರೂ ಹಿಂಗೇ. ನೋವಿಲ್ಲ ಅಂತಾರೆ, ಖುಷಿಯಾಗಿ ಕಳಿಸ್ತೀವಿ. ಮತ್ತೆ ಅವರು ಬರೋದೇ ಇಲ್ಲ." ಕೊನೆಯ ಮಾತು ಹೇಳುವಾಗ ಅವರ ನಗು ನಿಂತಿತ್ತು. "ಉರಿ ಎಷ್ಟು ಹೇಳಿ."

"ಎಂಟಿತ್ತು. ಈಗ ಆರು" ಎಂದೆ. ಅಂಕವನ್ನು ಅಷ್ಟು ಹಳಿದವಳು ಲೆಕ್ಕದ ಮೇಷ್ಟರ ಹಾಗೆ ಒಪ್ಪಿಸಿದೆ.

ಮೂರನೆಯದೂ ಆಯಿತು. ನಿಮಗೆ ಈ ಔಷಧಿ ಚಳುಕಿಗೆ ಹಿಡಿದಿದೆ, ಉರಿಗೆ ಅಷ್ಟು ಹಿಡಿಯದೇ ಇರಬಹುದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಮತ್ತೆ ನಿಜವನ್ನೇ ಹೇಳಿದರು. ಆರು ನಾಲ್ಕಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಎಷ್ಟು ದಿನ ಅಲ್ಲಿರುತ್ತದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೋಧಿ ಹೊಲದ ಹೆಂಗಸಿಗೆ ಗೊತ್ತಿದ್ದರೆ ಅವಳು ನಗುತ್ತಲೇ ಇರಲಿ.

ನಾಲ್ಕಾದಾಗ ಕಾದು ಕೂರುವುದು ಸಾಕು ಎನಿಸಿತು. ಪೆಟ್ಟಿಗೆಯಿಂದ ಹಳೆಯ ನೂಲಿನ ರವಿಕೆ ತೆಗೆದು, ಒಳಮೈ ಹೊರಗೆ ಮಾಡಿ ಹಾಕಿಕೊಂಡೆ. ಹೊಲಿಗೆಯ ಅಂಚು ಪಕ್ಕೆಗೆ ತಾಗದ ಹಾಗೆ ಇದೊಂದೇ ದಾರಿ. ಮೇಲೆ ಸೀರೆ ಉಟ್ಟು ಹೊರಗೆ ಬಂದೆ. ಪಕ್ಕದ ಮನೆಯಾಕೆ ಗೇಟಿನಲ್ಲೇ ಇದ್ದರು. ಇಲ್ಲದಿರುವ ದಿನವೇ ಇಲ್ಲ.

"ಟೀಚರಮ್ಮಾ, ಬ್ಲೌಸ್ ಉಲ್ಟಾ ಹಾಕ್ಕೊಂಡಿದ್ದೀರಾ."

"ಗೊತ್ತು."

"ಮೂರು ಸಲ ಹಾಕ್ಸ್ಬಾರ್ದಿತ್ತು ನೋಡಿ ಗ್ಲೂಕೋಸು" ಎಂದು ಅವರು ನನ್ನ ಗಂಡನಿಗೆ ಸಣ್ಣ ದನಿಯಲ್ಲಿ ಹೇಳಿದರು.

ಸ್ಕೂಟರಿನ ಹಿಂದಿನ ಸೀಟಿಗೆ ಹೊಸ ಕವರು ಬಂದಿತ್ತು. ಎಡಕ್ಕೆ ಕಾಲು ಇಳಿಬಿಟ್ಟು, ಅವರ ಬೆನ್ನಿನಿಂದ ಒಂದು ಗೇಣು ದೂರ, ಕಂಬಿ ಹಿಡಿದು ಸೆಟೆದು ಕುಳಿತೆ. ರಸ್ತೆಯ ಪ್ರತಿ ಗುಂಡಿಯ ಮುಂದೆಯೂ ಅವರು ನಿಂತೇಬಿಡುವಷ್ಟು ನಿಧಾನ ಮಾಡಿದರು, ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಹೋದರು. ಸೇತುವೆ ಹತ್ತುವ ಮೊದಲು ಒಂದು ಹಂಪ್ ಇದೆ. ಎಷ್ಟು ನಿಧಾನ ಮಾಡಿದರೂ ಅದು ಬಿಡುವುದಿಲ್ಲ, ಹಿಂದಿನ ಸೀಟಿನಲ್ಲಿ ಕುಳಿತವರನ್ನು ಮುಂದಕ್ಕೆ ತಳ್ಳುತ್ತದೆ. ನನ್ನ ಬಲಪಕ್ಕೆ ಅವರ ಬೆನ್ನಿಗೆ ಹೋಗಿ ಒರಗಿತು.

ಅವರು ತಲೆ ತಿರುಗಿಸದೆ ಕೇಳಿದರು. "ಉರಿ ಇದೆಯಾ?"

ಎರಡು ವರ್ಷದಲ್ಲಿ ಮೊದಲ ಸಲ ಅವರ ಪ್ರಶ್ನೆ ಸರಿಯಾಗಿತ್ತು.

"ಇದೆ. ಮುಂದೆ ನೋಡಿ ಓಡ್ಸಿ" ಎಂದೆ. ಸರಿದು ಕೂರಲಿಲ್ಲ.